ಬಾಂಬ್ ಬಿದ್ದ ಮೇಲೆ ಅಡುಗೆಮನೆಯಲ್ಲಿ ಏನಾಗುತ್ತದೆ?

ಪ್ರಶ್ನೆ: ಅಣುಬಾಂಬ್ ಮಾಡಿದ ವಿಜ್ಞಾನಿಯ ಸಿನಿಮಾ ‘ಓಪನ್‌ಹೈಮರ್’ ನೋಡಿ ಬಂದೆವು. ಮೂರು ಗಂಟೆ ವಿಜ್ಞಾನಿಗಳು, ಅಧಿಕಾರಿಗಳು, ವಿಚಾರಣೆ. ಹೊರಗೆ ಬಂದ ಮೇಲೆ ನನ್ನ ಹೆಂಡತಿ, ‘ಬಾಂಬ್ ಯಾರ ಮನೆ ಮೇಲೆ ಬಿತ್ತೋ ಅವರ ಕಥೆ ಎಲ್ಲಿ?’ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಂಥ ಸಾಮಾನ್ಯ ಮನೆಯವರನ್ನು ಅಣುಯುದ್ಧದ ನಂತರ ಸಿನಿಮಾಗಳು ಹೇಗೆ ತೋರಿಸಿವೆ? ಅದರಲ್ಲಿ ಎಷ್ಟು ನಿಜ? 13 ವರ್ಷದ ಮಗಳ ಜೊತೆ ಕೂತು ನೋಡುವಂಥದ್ದು ಏನಾದರೂ ಇದೆಯಾ?

ಉತ್ತರ: ನಿಮ್ಮ ಹೆಂಡತಿ ಕೇಳಿದ್ದು ಸರಿಯಾಗಿಯೇ ಇದೆ. ಆ ಸಿನಿಮಾದಲ್ಲಿ ಹಿರೋಶಿಮಾ ಊರು ಒಂದು ಸಲವೂ ಕಾಣುವುದಿಲ್ಲ. ಆದರೆ ಅವರು ಹುಡುಕುತ್ತಿರುವ ಕಥೆಗಳನ್ನು ಬೇರೆಯವರು ತುಂಬಾ ಮೊದಲೇ ತೆಗೆದಿದ್ದಾರೆ. ಜಪಾನಿನಲ್ಲಿ 1950ರ ದಶಕದಿಂದ, ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಜಾಸ್ತಿಯಾಗಿ 1980ರ ದಶಕದಲ್ಲಿ. ನಾನು ಇವುಗಳನ್ನು ಹಲವು ವರ್ಷಗಳಿಂದ ಮತ್ತೆ ಮತ್ತೆ ನೋಡುತ್ತಾ ಬಂದಿದ್ದೇನೆ. ನೋಡಿ ನೋಡಿ ನನಗೆ ಒಂದು ಅಭ್ಯಾಸ ಆಗಿಬಿಟ್ಟಿದೆ. ಬಾಂಬ್ ಬೀಳುವ ದೃಶ್ಯಕ್ಕೆ ನಾನು ಹೆಚ್ಚು ಗಮನ ಕೊಡುವುದಿಲ್ಲ. ಬಿದ್ದ ಮಾರನೇ ದಿನ ಆ ಮನೆಯಲ್ಲಿ ನೀರು ಯಾರು ತಂದರು, ಒಲೆ ಹೊತ್ತಿತಾ, ಹಾಸಿಗೆ ಯಾರು ಮಡಚಿದರು, ಸತ್ತವರನ್ನು ಯಾರು ಹೂತರು ಎಂದು ನೋಡುತ್ತೇನೆ. ಅದನ್ನು ತೋರಿಸದ ಸಿನಿಮಾ ಎಷ್ಟೇ ದೊಡ್ಡದಾಗಿದ್ದರೂ ಕುಟುಂಬದ ಬಗ್ಗೆ ಅದಕ್ಕೆ ಹೇಳಲು ಏನೂ ಇರುವುದಿಲ್ಲ.

ಮೊದಲು ನನಗೆ ಒಪ್ಪಿಗೆಯಾಗದ ಬಗೆಯದನ್ನು ಹೇಳಿ ಮುಗಿಸುತ್ತೇನೆ. 1962ರಲ್ಲಿ ರೇ ಮಿಲ್ಯಾಂಡ್ ತಾನೇ ನಿರ್ದೇಶಿಸಿ ನಟಿಸಿದ ‘ಪ್ಯಾನಿಕ್ ಇನ್ ಇಯರ್ ಝೀರೋ’ ಎಂಬ ಅಮೆರಿಕನ್ ಸಿನಿಮಾ ಇದೆ. ಲಾಸ್ ಏಂಜಲೀಸ್‌ನ ಒಂದು ಕುಟುಂಬ ರಜೆಗೆಂದು ಹೊರಟಿರುತ್ತದೆ, ಹಿಂದೆ ಊರಿಗೆ ಬಾಂಬ್ ಬೀಳುತ್ತದೆ. ಅಪ್ಪ ಬಂದೂಕು ಹಿಡಿದು ಹೆಂಡತಿ ಮಕ್ಕಳನ್ನು ಗುಹೆಯೊಂದಕ್ಕೆ ಕರೆದುಕೊಂಡು ಹೋಗಿ ಕಾಪಾಡುತ್ತಾನೆ. ಇಲ್ಲಿ ಅಪಾಯ ಅಂದರೆ ಪಕ್ಕದ ಮನುಷ್ಯ, ಪರಿಹಾರ ಅಂದರೆ ಗಟ್ಟಿ ಗಂಡಸು. ಈ ಅಚ್ಚಿನಲ್ಲಿ ಆಮೇಲೆ ಎಷ್ಟೋ ಸಿನಿಮಾಗಳು ಬಂದವು. ನೋಡಲು ಬೇಜಾರಾಗುವುದಿಲ್ಲ, ಆದರೆ ನಾನು ಇದನ್ನು ನಂಬುವುದಿಲ್ಲ. ವಿಕಿರಣದ ಧೂಳಿಗೆ ಬಂದೂಕು ತೋರಿಸಿ ಏನು ಮಾಡುತ್ತೀರಿ? ಹಿರೋಶಿಮಾದಲ್ಲಿ ಬದುಕಿ ಉಳಿದವರು ಉಳಿದದ್ದು ಬಹಳ ಸಲ ಆ ಗಳಿಗೆಯಲ್ಲಿ ಯಾವ ಗೋಡೆಯ ಹಿಂದೆ ಇದ್ದರು ಎಂಬ ಕಾರಣಕ್ಕೆ, ಮತ್ತೆ ಯಾರೋ ಎಳೆದು ಹೊರಗೆ ತಂದರು ಎಂಬ ಕಾರಣಕ್ಕೆ.

ಇನ್ನು 1983ಕ್ಕೆ ಬರೋಣ. ಅದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಯುರೋಪಿನಲ್ಲಿ ಎದುರುಬದುರು ಕ್ಷಿಪಣಿ ನಿಲ್ಲಿಸುತ್ತಿದ್ದ ಕಾಲ. ಜನರಿಗೆ ನಿಜವಾಗಿಯೂ ಭಯವಾಗಿತ್ತು. ಆ ವರ್ಷ ನವೆಂಬರ್ 20ರ ರಾತ್ರಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ದಿ ಡೇ ಆಫ್ಟರ್’ ಎಂಬ ಸಿನಿಮಾ ಬಂತು. ಸುಮಾರು 10 ಕೋಟಿ ಜನ ಒಂದೇ ರಾತ್ರಿ ನೋಡಿದರು. ಕ್ಯಾನ್ಸಸ್ ಸಿಟಿ ಮತ್ತು ಪಕ್ಕದ ಲಾರೆನ್ಸ್ ಊರಿನ ಕಥೆ. ಆ ಸೀಮೆಯ ಹೊಲಗಳ ಮಧ್ಯೆಯೇ ನೆಲದೊಳಗೆ ಕ್ಷಿಪಣಿಗಳನ್ನು ಇಟ್ಟಿದ್ದರು. ಅದರಲ್ಲಿ ಡಾಲ್ಬರ್ಗ್ ಎಂಬ ರೈತ ಕುಟುಂಬ. ಮಗಳ ಮದುವೆ ಹತ್ತಿರ ಬಂದಿದೆ. ಸೈರನ್ ಕೂಗುತ್ತಿರುವಾಗ ತಾಯಿ ಮಹಡಿ ಮೇಲೆ ಹಾಸಿಗೆ ಸರಿಮಾಡುತ್ತಾ ಇರುತ್ತಾಳೆ. ಗಂಡ ಬಂದು ಕೆಳಗೆ ಬಾ ಎಂದರೆ ಬರುವುದಿಲ್ಲ. ಹೊದಿಕೆಯ ಅಂಚನ್ನು ಒಳಗೆ ಸಿಕ್ಕಿಸುತ್ತಲೇ ಇರುತ್ತಾಳೆ. ಕೊನೆಗೆ ಅವಳನ್ನು ಹೊತ್ತುಕೊಂಡು ಹೋಗಬೇಕಾಗುತ್ತದೆ, ಆಗ ಅವಳು ಕಿರುಚುತ್ತಾಳೆ. ಇಡೀ ಸಿನಿಮಾದಲ್ಲಿ ಅಣಬೆಮೋಡಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಹಾಸಿಗೆ. ಹಾಸಿಗೆ ಸರಿಮಾಡಿದರೆ ಇವತ್ತೂ ನಿನ್ನೆಯ ಹಾಗೇ ಇದೆ ಎಂದು ಅರ್ಥ, ಬಿಟ್ಟು ಕೆಳಗಿಳಿದರೆ ಎಲ್ಲಾ ಮುಗಿಯಿತು ಎಂದು ಅರ್ಥ. ಅವಳಿಗೆ ಅದು ಗೊತ್ತು.

ಆಗಿನ ಅಧ್ಯಕ್ಷ ರೇಗನ್ ಇದನ್ನು ಪ್ರಸಾರಕ್ಕೆ ಮೊದಲೇ ನೋಡಿದರು, ನೋಡಿ ಮನಸ್ಸು ತುಂಬಾ ಕುಗ್ಗಿತು ಎಂದು ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ಸಿನಿಮಾದ ಕೊನೆಯಲ್ಲಿ ತೆರೆಯ ಮೇಲೆ ಒಂದು ಮಾತು ಬರುತ್ತದೆ: ನಿಜವಾದ ಯುದ್ಧವಾದರೆ ನಾಶ ಇದಕ್ಕಿಂತ ಜಾಸ್ತಿಯೇ ಇರುತ್ತದೆ ಎಂದು. ಟಿವಿಗಾಗಿ ತೆಗೆದದ್ದು, ಹಾಗಾಗಿ ಸುಟ್ಟ ಗಾಯವನ್ನೂ ಹಸಿವನ್ನೂ ತೋರಿಸುವುದಕ್ಕೆ ಒಂದು ಮಿತಿ ಇತ್ತು. ಅದನ್ನು ಸಿನಿಮಾ ಮಾಡಿದವರು ತಾವೇ ಒಪ್ಪಿಕೊಂಡಿದ್ದಾರೆ.

ಅದೇ ತಿಂಗಳು ಇನ್ನೊಂದು ಸಿನಿಮಾ ಬಂತು, ‘ಟೆಸ್ಟಮೆಂಟ್’. ನಿರ್ದೇಶಕಿ ಲಿನ್ ಲಿಟ್‌ಮನ್. ನಿಮ್ಮ ಹೆಂಡತಿಯ ಪ್ರಶ್ನೆಗೆ ನೇರ ಉತ್ತರ ಇದೇ, ದಯವಿಟ್ಟು ಅವರಿಗೆ ತೋರಿಸಿ. ಇಲ್ಲಿ ಬಾಂಬ್ ಕಾಣುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರು. ಗಂಡ ಕೆಲಸಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದಾನೆ. ಮಕ್ಕಳು ಟಿವಿ ಮುಂದೆ. ಕಾರ್ಯಕ್ರಮ ನಿಂತು ತುರ್ತು ಸುದ್ದಿ ಬರುತ್ತದೆ, ಕಿಟಕಿಯಲ್ಲಿ ಒಂದು ಬೆಳಕು. ಅಷ್ಟೇ. ಮನೆ ಹಾಗೇ ನಿಂತಿದೆ, ಒಂದು ಗಾಜೂ ಒಡೆದಿಲ್ಲ. ಗಂಡ ಮಾತ್ರ ವಾಪಸ್ ಬರುವುದಿಲ್ಲ. ಅಲ್ಲಿಂದ ಮುಂದೆ ಇಡೀ ಸಿನಿಮಾ ಮೂರು ಮಕ್ಕಳ ತಾಯಿಯೊಬ್ಬಳು ದಿನ ದೂಡುವುದು. ಊರಿನವರು ಚರ್ಚಿನಲ್ಲಿ ಸೇರುತ್ತಾರೆ, ಶಾಲೆಯ ಮಕ್ಕಳ ನಾಟಕ ಮೊದಲೇ ನಿಗದಿಯಾಗಿತ್ತು, ಅದನ್ನೂ ನಡೆಸುತ್ತಾರೆ. ಆಮೇಲೆ ಒಂದೊಂದೇ ಮನೆಯಲ್ಲಿ ಒಬ್ಬೊಬ್ಬರೇ ಕಾಯಿಲೆ ಬೀಳುತ್ತಾರೆ.

ಎರಡು ದೃಶ್ಯ ಹೇಳುತ್ತೇನೆ. ಕಿರಿಯ ಮಗ ಸತ್ತಾಗ ಅವನನ್ನು ಹೂಳುವ ಮೊದಲು ತಾಯಿ ಅವನ ಕರಡಿ ಗೊಂಬೆಗಾಗಿ ಹುಚ್ಚಿಯ ಹಾಗೆ ಹುಡುಕಾಡುತ್ತಾಳೆ, ಅದಿಲ್ಲದೆ ಅವನನ್ನು ಮಣ್ಣಿಗೆ ಕೊಡುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಮುಂದೆ ಮಗಳ ಸರದಿ ಬಂದಾಗ ಕೂತು ಹಾಸಿಗೆಯ ಬಟ್ಟೆಯನ್ನು ಹೊಲಿಯುತ್ತಾಳೆ. ಏನು ಹೊಲಿಯುತ್ತಿದ್ದಾಳೆ ಎಂದು ನಮಗೆ ತಿಳಿಯುವುದಕ್ಕೆ ಒಂದು ಕ್ಷಣ ಬೇಕಾಗುತ್ತದೆ. ಮಗಳನ್ನು ಸುತ್ತಿ ಕಳಿಸುವ ಬಟ್ಟೆ ಅದು. ಜೇನ್ ಅಲೆಕ್ಸಾಂಡರ್ ಈ ತಾಯಿಯ ಪಾತ್ರ ಮಾಡಿದ್ದು, ಅದಕ್ಕೆ ಅವರ ಹೆಸರು ಆಸ್ಕರ್ ಪಟ್ಟಿಗೂ ಹೋಯಿತು. ಪ್ರಶಸ್ತಿ ಬರಲಿಲ್ಲ. ನನಗೆ ಇವತ್ತಿಗೂ ಬೇಸರ ಇದೆ.

ಈ ಬಟ್ಟೆಯ ಪಕ್ಕದಲ್ಲಿ ಒಂದು ನಿಜವಾದ ಸರ್ಕಾರಿ ಕಾಗದ ಇಟ್ಟು ನೋಡಬೇಕು. 1980ರಲ್ಲಿ ಬ್ರಿಟಿಷ್ ಸರ್ಕಾರ ‘ಪ್ರೊಟೆಕ್ಟ್ ಅಂಡ್ ಸರ್ವೈವ್’ ಎಂಬ ಕಿರುಪುಸ್ತಕ ಹೊರತಂದಿತು. ಬೆಲೆ 50 ಪೆನ್ಸ್. ಅಣುಯುದ್ಧವಾದರೆ ಮನೆಯವರು ಏನು ಮಾಡಬೇಕು ಎಂಬ ಸೂಚನೆಗಳು. ಬಾಗಿಲುಗಳನ್ನು ಕಳಚಿ ಗೋಡೆಗೆ ಓರೆಯಾಗಿ ಒರಗಿಸಿ, ಮೇಲೆ ಮಣ್ಣು ತುಂಬಿದ ಚೀಲ ಹೇರಿ, ಅದರೊಳಗೆ ಸೇರಿಕೊಳ್ಳಿ. 14 ದಿನಕ್ಕೆ ಊಟ, ನೀರು ಇಟ್ಟುಕೊಳ್ಳಿ. ಕುಡಿಯುವುದಕ್ಕೆ ತಲೆಗೆ ಸುಮಾರು 16 ಲೀಟರ್. ಅಂದರೆ ಎರಡು ವಾರಕ್ಕೆ ಒಬ್ಬರಿಗೆ ಒಂದು ದೊಡ್ಡ ಕೊಡ ನೀರು. ಒಳಗೆ ಯಾರಾದರೂ ಸತ್ತರೆ ಹೆಣವನ್ನು ಬೇರೆ ಕೋಣೆಗೆ ಸಾಗಿಸಿ, ಗುರುತಿನ ಚೀಟಿ ಕಟ್ಟಿ, ಆದಷ್ಟು ಬಿಗಿಯಾಗಿ ಮುಚ್ಚಿ ಎಂದೂ ಇದೆ. ಸರ್ಕಾರಕ್ಕೆ ಅದು ನಾಲ್ಕು ಸಾಲಿನ ಸೂಚನೆ. ತಾಯಿಗೆ ಅದೇ ಕೆಲಸ ರಾತ್ರಿಯೆಲ್ಲಾ ಕೂತು ಹಾಕುವ ಹೊಲಿಗೆ.

ಈ ಕಿರುಪುಸ್ತಕವನ್ನು ನಂಬಿದ ಇಬ್ಬರು ಮುದುಕರ ಕಥೆಯೇ ‘ವೆನ್ ದಿ ವಿಂಡ್ ಬ್ಲೋಸ್’. ರೇಮಂಡ್ ಬ್ರಿಗ್ಸ್ 1982ರಲ್ಲಿ ಬರೆದ ಚಿತ್ರಪುಸ್ತಕ, 1986ರಲ್ಲಿ ಜಿಮ್ಮಿ ಮುರಕಾಮಿ ಅದನ್ನು ಕಾರ್ಟೂನ್ ಸಿನಿಮಾ ಮಾಡಿದರು. ಹಳ್ಳಿಗಾಡಿನಲ್ಲಿ ನಿವೃತ್ತಿಯ ಬದುಕು ನಡೆಸುವ ಜಿಮ್, ಹಿಲ್ಡಾ. ಗಂಡ ಪುಸ್ತಕ ನೋಡಿಕೊಂಡು ಬಾಗಿಲು ಒರಗಿಸುತ್ತಾನೆ. ಹೆಂಡತಿಗೆ ಬಣ್ಣ ಕೆತ್ತಿ ಹೋಗುತ್ತದಲ್ಲಾ ಎಂಬ ಚಿಂತೆ. ಮೂರು ನಿಮಿಷದಲ್ಲಿ ಬಾಂಬ್ ಬೀಳುತ್ತದೆ ಎಂದು ರೇಡಿಯೋದಲ್ಲಿ ಹೇಳಿದಾಗ ಅವಳು ಒಣಗಿದ ಬಟ್ಟೆ ತರುತ್ತೇನೆ ಎಂದು ಹೊರಡುತ್ತಾಳೆ, ಗಂಡ ಒಳಗೆ ತಳ್ಳಿದರೆ ಒಲೆಯೊಳಗಿನ ಕೇಕ್ ಸೀದುಹೋಗುತ್ತದೆ ಎನ್ನುತ್ತಾಳೆ. ಎಲ್ಲರೂ ಇಲ್ಲಿ ಸ್ವಲ್ಪ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನನ್ನ ಅಮ್ಮನೂ ಹಾಗೇ, ಮಳೆ ಬಂದರೆ ಮೊದಲು ಟೆರೇಸಿಗೆ ಓಡುವುದು ಬಟ್ಟೆಗೆ.

ಎಷ್ಟು ನಿಜ ಎಂದು ಕೇಳಿದ್ದೀರಲ್ಲಾ, ಅದನ್ನು ಈ ಸಿನಿಮಾ ಇಟ್ಟುಕೊಂಡೇ ಹೇಳಬಹುದು. ಸ್ಫೋಟದ ನಂತರ ಉದುರುವ ಧೂಳಿನ ವಿಕಿರಣ ಬೇಗ ಇಳಿಯುತ್ತದೆ. ಲೆಕ್ಕ ಸುಲಭ: ಸಮಯ ಏಳು ಪಟ್ಟಾದರೆ ವಿಕಿರಣ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲ ಗಂಟೆಯಲ್ಲಿ 1000 ಇದ್ದರೆ ಏಳು ಗಂಟೆಗೆ 100, ಎರಡು ದಿನಕ್ಕೆ 10, ಎರಡು ವಾರಕ್ಕೆ 1. ಹಾಗಾಗಿ 14 ದಿನ ಒಳಗಿರಿ ಎಂಬ ಮಾತಿನಲ್ಲಿ ಅರ್ಥ ಇತ್ತು. ಆದರೆ ಮನೆಯಲ್ಲಿ 14 ದಿನ ಯಾರು ಕೂತಾರು? ಜಿಮ್, ಹಿಲ್ಡಾ ಬೇಗನೇ ಹೊರಬರುತ್ತಾರೆ. ಮೈಕೈ ನೋವು, ಗಾಳಿಗೆ ಕೂರೋಣ ಅನ್ನಿಸುತ್ತದೆ. ತೋಟದಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ನಲ್ಲಿಯಲ್ಲಿ ನೀರು ಬರುವುದಿಲ್ಲ, ಮಳೆ ಬಂದಾಗ ಆ ನೀರನ್ನೇ ಹಿಡಿದು ಕುದಿಸಿ ಟೀ ಮಾಡುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ವಿಕಿರಣದ ಧೂಳು ಎಲ್ಲಿಗೂ ಹೋಗುವುದಿಲ್ಲ. ಆಮೇಲೆ ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ನೀಲಿ ಕಲೆ, ಉದುರುವ ಕೂದಲು. ವೈದ್ಯಕೀಯವಾಗಿ ಇವೆಲ್ಲಾ ಸರಿಯೇ. ವಿಕಿರಣ ಮೂಳೆಯ ಮಜ್ಜೆಯನ್ನು ಕೊಲ್ಲುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವೆ, ಅದಕ್ಕೇ ಒಸಡು, ಅದಕ್ಕೇ ಕಲೆ. ಕೂದಲು ಉದುರುವುದಕ್ಕೆ ನಿಜವಾಗಿ ಸುಮಾರು ಎರಡು ವಾರ ಬೇಕು, ಸಿನಿಮಾ ಸ್ವಲ್ಪ ಅವಸರ ಮಾಡಿದೆ. ಗಂಡ ಪ್ರತಿಯೊಂದಕ್ಕೂ ಒಂದು ಸಮಾಧಾನ ಹೇಳುತ್ತಾನೆ. ಹೆಂಗಸರಿಗೆ ಬೋಳು ಆಗುವುದಿಲ್ಲ ಬಿಡು ಎನ್ನುತ್ತಾನೆ. ಅವನಿಗೆ ನಿಜ ಗೊತ್ತಿತ್ತಾ, ಇಲ್ಲವಾ? ನಾನು ಪ್ರತಿ ಸಲ ನೋಡಿದಾಗಲೂ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ.

ಈಗ ‘ಥ್ರೆಡ್ಸ್’. 1984ರ ಸೆಪ್ಟೆಂಬರಿನಲ್ಲಿ ಬಿಬಿಸಿಯಲ್ಲಿ ಬಂದದ್ದು. ನಿರ್ದೇಶನ ಮಿಕ್ ಜಾಕ್ಸನ್, ಬರೆದವರು ಬ್ಯಾರಿ ಹೈನ್ಸ್. ಉಕ್ಕಿನ ಕಾರ್ಖಾನೆಗಳ ಊರು ಶೆಫೀಲ್ಡ್. ರೂತ್, ಜಿಮ್ಮಿ ಎಂಬ ಹುಡುಗಿ ಹುಡುಗ. ಅವಳು ಬಸುರಿ, ಮದುವೆಯಾಗೋಣ ಎಂದುಕೊಂಡಿದ್ದಾರೆ. ಹೊಸ ಮನೆಯ ಗೋಡೆಗೆ ಕಾಗದ ಅಂಟಿಸುತ್ತಿದ್ದಾರೆ. ಎರಡೂ ಕಡೆಯ ಅಪ್ಪ ಅಮ್ಮ ಭೇಟಿಯಾಗಿ ಸಂಕೋಚದಲ್ಲೇ ಮಾತಾಡುತ್ತಾರೆ. ಹಿಂದೆ ಟಿವಿಯಲ್ಲಿ, ರೇಡಿಯೋದಲ್ಲಿ ಇರಾನಿನ ಕಡೆಯ ಬಿಕ್ಕಟ್ಟಿನ ಸುದ್ದಿ ಬರುತ್ತಾ ಇರುತ್ತದೆ, ಯಾರೂ ಪೂರ್ತಿ ಕೇಳಿಸಿಕೊಳ್ಳುವುದಿಲ್ಲ. ಬಾಂಬ್ ಬೀಳುವ ಹೊತ್ತಿಗೆ ಜಿಮ್ಮಿ ರೂತ್‌ಳನ್ನು ಹುಡುಕಿಕೊಂಡು ಓಡುತ್ತಾನೆ. ಅಲ್ಲಿಂದಾಚೆ ಅವನು ಸಿನಿಮಾದಲ್ಲೇ ಇಲ್ಲ. ಸತ್ತ ದೃಶ್ಯವೂ ಇಲ್ಲ, ಹೆಣವೂ ಇಲ್ಲ. ನಾವು ನೋಡಿ ಬೆಳೆದ ಸಿನಿಮಾಗಳಲ್ಲಿ ನಾಯಕ ಎಲ್ಲಿಂದಾದರೂ ಬಂದೇ ಬರುತ್ತಾನೆ, ಅಲ್ವಾ? ಇಲ್ಲಿ ಬರುವುದಿಲ್ಲ. ಹಿರೋಶಿಮಾದಲ್ಲಿ ಸಾವಿರಾರು ಮನೆಗಳಿಗೆ ಆದದ್ದು ಇದೇ, ಬೆಳಿಗ್ಗೆ ಹೋದವರು ಎಲ್ಲಿ ಹೋದರು ಎಂದೇ ತಿಳಿಯಲಿಲ್ಲ.

ಇಲ್ಲಿ ಕುಟುಂಬ ಬೇಗ ಮುಗಿದುಹೋಗುತ್ತದೆ. ಬಾಗಿಲು ಒರಗಿಸಿ, ಮೇಲೆ ಹಾಸಿಗೆ ಹೇರಿದ ಜಿಮ್ಮಿಯ ಅಪ್ಪ ಅಮ್ಮ ಉಳಿಯುವುದಿಲ್ಲ. ರೂತ್ ಒಬ್ಬಳೇ ನಡೆಯುತ್ತಾಳೆ, ಕೊಟ್ಟಿಗೆಯೊಂದರಲ್ಲಿ ಒಬ್ಬಳೇ ಹೆರುತ್ತಾಳೆ. ಹೊಗೆ, ಮಸಿ ಮೇಲೆ ಹೋಗಿ ಬಿಸಿಲು ತಡೆದು ಬೆಳೆ ಹಾಳಾಗುವುದನ್ನೂ ತೋರಿಸುತ್ತಾರೆ. ವಿಜ್ಞಾನಿಗಳು ಈ ‘ಅಣು ಚಳಿಗಾಲ’ದ ಲೆಕ್ಕ ಪ್ರಕಟಿಸಿದ್ದು 1983ರ ಡಿಸೆಂಬರಿನಲ್ಲಿ, ವರ್ಷ ತುಂಬುವ ಮೊದಲೇ ಇವರು ಅದನ್ನು ಕಥೆಯೊಳಗೆ ತಂದಿದ್ದರು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಜನಸಂಖ್ಯೆ 40 ಲಕ್ಷದಿಂದ 1.1 ಕೋಟಿಯ ಒಳಗೆ ಎಲ್ಲೋ ನಿಲ್ಲುತ್ತದೆ ಎಂದು ತೆರೆಯ ಮೇಲಿನ ಅಕ್ಷರ ಹೇಳುತ್ತದೆ.

ಆದರೆ ಈ ಅಂಕಿಗಿಂತ ನನ್ನನ್ನು ಅಲ್ಲಾಡಿಸಿದ್ದು ಒಂದು ಸಣ್ಣ ಮಾತು. ಹತ್ತು ವರ್ಷದ ನಂತರ ರೂತ್ ಮುದುಕಿಯ ಹಾಗೆ ಕಾಣುತ್ತಾಳೆ, ಮಗಳು ಜೇನ್ ಜೊತೆ ಹೊಲದಲ್ಲಿ ದುಡಿಯುತ್ತಾಳೆ. ಒಂದು ದಿನ ಮಲಗಿದಲ್ಲೇ ಸಾಯುತ್ತಾಳೆ. ಮಗಳು ಬಂದು ಎಬ್ಬಿಸುತ್ತಾಳೆ: ‘ರೂತ್. ಕೆಲಸ. ಏಳು.’ ಅಷ್ಟೇ ಅವಳಿಗೆ ಬರುವ ಭಾಷೆ. ಗಮನಿಸಿ, ‘ಅಮ್ಮ’ ಎನ್ನುವುದಿಲ್ಲ. ಅಳುವುದೂ ಇಲ್ಲ. ಬೇಕಾದ ಒಂದೆರಡು ಸಾಮಾನು ಎತ್ತಿಕೊಂಡು ಹೊರಟುಬಿಡುತ್ತಾಳೆ. ‘ಟೆಸ್ಟಮೆಂಟ್’ನ ತಾಯಿ ಬಟ್ಟೆ ಹೊಲಿದು ಮಗಳನ್ನು ಕಳಿಸಿಕೊಡುತ್ತಾಳೆ. ಇಲ್ಲಿ ಮಗಳಿಗೆ ತಾಯಿಯನ್ನು ಕಳಿಸಿಕೊಡುವುದು ಎಂದರೆ ಏನು ಎಂದೇ ಗೊತ್ತಿಲ್ಲ. ಅಮ್ಮ ಎಂಬ ಮಾತು ತಾನಾಗಿ ಬರುವುದಿಲ್ಲ, ಯಾರಾದರೂ ಹೇಳಿಕೊಡಬೇಕು, ಹೇಳಿಕೊಡುವುದಕ್ಕೆ ಸುಮ್ನೆ ಮಗುವಿನ ಜೊತೆ ಕೂತು ಮಾತಾಡುವಷ್ಟು ಪುರುಸೊತ್ತು ಬೇಕು, ಹೊಟ್ಟೆ ತುಂಬಿರಬೇಕು. ರೂತ್‌ಗೆ ಅದು ಹತ್ತು ವರ್ಷವೂ ಸಿಗಲಿಲ್ಲ. ಅಣುಯುದ್ಧ ಕುಟುಂಬಕ್ಕೆ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ದೃಶ್ಯವನ್ನೇ ಹೇಳುತ್ತೇನೆ.

ಇದಕ್ಕೂ ಮೊದಲು ಪೀಟರ್ ವಾಟ್ಕಿನ್ಸ್ 1965ರಲ್ಲಿ ಬಿಬಿಸಿಗಾಗಿಯೇ ‘ದಿ ವಾರ್ ಗೇಮ್’ ತೆಗೆದಿದ್ದರು. ಜನ ಹೆದರಿಬಿಡುತ್ತಾರೆ ಎಂದು ಬಿಬಿಸಿ ಅದನ್ನು 1985ರವರೆಗೆ ಟಿವಿಯಲ್ಲಿ ಬಿಡಲಿಲ್ಲ. ಚಿತ್ರಮಂದಿರಗಳಲ್ಲಿ ಓಡಿ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪಡೆಯಿತು. ಒಳ್ಳೆಯ ಕೆಲಸ, ಆದರೆ ಅದು ಇಡೀ ಊರನ್ನು ನೋಡುತ್ತದೆ, ಒಂದೇ ಮನೆಯೊಳಗೆ ಹೋಗಿ ಕೂರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲಾ ಊಹೆಯ ಯುದ್ಧ. ಜಪಾನಿನವರಿಗೆ ಊಹಿಸುವ ಅಗತ್ಯವೇ ಇರಲಿಲ್ಲ. 1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಹಿರೋಶಿಮಾದ ಮೇಲೆ ಬಾಂಬ್ ಬಿತ್ತು, ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತಿದ್ದರು. ಬದುಕಿದವರು ಮನೆಗೆ ವಾಪಸ್ ಹೋಗಬೇಕಿತ್ತು, ಮಕ್ಕಳ ಮದುವೆ ಮಾಡಬೇಕಿತ್ತು. ಹಾಗಾಗಿ ಅವರ ಕೆಲವು ಸಿನಿಮಾಗಳಲ್ಲಿ ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲಿನ ಬದುಕೇ ಮುಖ್ಯ ಕಥೆ.

ಶೊಹೆ ಇಮಾಮುರಾ 1989ರಲ್ಲಿ ತೆಗೆದ ‘ಬ್ಲ್ಯಾಕ್ ರೇನ್’ ಕಪ್ಪು ಬಿಳುಪಿನ ಸಿನಿಮಾ, ಮಸುಜಿ ಇಬುಸೆ ಅವರ ಕಾದಂಬರಿ ಆಧಾರ. (ಅದೇ ವರ್ಷ ಇದೇ ಹೆಸರಿನ ಹಾಲಿವುಡ್ ಪೊಲೀಸ್ ಸಿನಿಮಾ ಬಂದಿದೆ, ಹುಡುಕುವಾಗ ಜೋಪಾನ.) ಯಾಸುಕೊ ಎಂಬ ಹುಡುಗಿ. ಸೋದರಮಾವ ಮತ್ತು ಅತ್ತೆ ಸಾಕಿದ್ದಾರೆ. ಸ್ಫೋಟವಾದಾಗ ಅವಳು ಊರಿನಿಂದ ದೂರ ಇದ್ದಳು. ಆದರೆ ದೋಣಿಯಲ್ಲಿ ವಾಪಸ್ ಬರುವಾಗ ಮಸಿಯಂಥ ಮಳೆ ಮೈಮೇಲೆ ಬಿತ್ತು, ಆಮೇಲೆ ಮೂವರೂ ಸುಟ್ಟ ಊರಿನೊಳಗಿಂದಲೇ ನಡೆದು ಬಂದರು. ಐದು ವರ್ಷದ ನಂತರ ಅವಳಿಗೆ ಗಂಡು ಹುಡುಕುತ್ತಿದ್ದಾರೆ. ಪ್ರತಿ ಸಂಬಂಧವೂ ಮುರಿದು ಬೀಳುತ್ತದೆ. ಹುಡುಗಿ ಅವತ್ತು ಹಿರೋಶಿಮಾದಲ್ಲಿದ್ದಳಂತೆ ಎಂಬ ಮಾತು ಮೊದಲೇ ಗಂಡಿನ ಮನೆ ಸೇರಿರುತ್ತದೆ. ಮಾವ ಡಾಕ್ಟರಿಂದ ಸರ್ಟಿಫಿಕೇಟ್ ಬರೆಸುತ್ತಾನೆ. ಅದನ್ನು ನೋಡಿ ಅವರಿಗೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ, ಏನೂ ಇಲ್ಲದಿದ್ದರೆ ಸರ್ಟಿಫಿಕೇಟ್ ಯಾಕೆ ಎಂದು. ಮಾವ ಬಿಡುವುದಿಲ್ಲ, ಕೂತು ಅವಳ ಅಂದಿನ ದಿನಚರಿಯನ್ನು ನಕಲು ಮಾಡುತ್ತಾನೆ, ಅವಳು ಎಲ್ಲಿದ್ದಳು ಎಂದು ತೋರಿಸಲು. ಹೆಣ್ಣು ತೋರಿಸುವ, ವಿಚಾರಿಸುವ, ಬೇಡ ಎಂದು ಹೇಳಿ ಕಳಿಸುವ ಪದ್ಧತಿ ಗೊತ್ತಿರುವ ನಮಗೆ ಈ ಸಿನಿಮಾವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಸ್ಥರು ಎದ್ದು ಹೋದ ಮೇಲೆ ಆ ಮೂವರು ಸುಮ್ಮನೆ ಕೂರುವ ರೀತಿ ನಮ್ಮ ಎಷ್ಟೋ ಮನೆಗಳಲ್ಲಿ ಕಂಡದ್ದೇ.

ಇದು ಬರೀ ಕಥೆಯೂ ಅಲ್ಲ. ಬಾಂಬಿಗೆ ಸಿಕ್ಕವರನ್ನು ಜಪಾನಿನಲ್ಲಿ ‘ಹಿಬಾಕುಶಾ’ ಎನ್ನುತ್ತಾರೆ. ಮದುವೆಯಲ್ಲಿ, ಕೆಲಸದಲ್ಲಿ ಅವರನ್ನು ದೂರ ಇಟ್ಟದ್ದು ನಿಜ, ಎಷ್ಟೋ ಜನ ದಶಕಗಟ್ಟಲೆ ಬಾಯಿ ಬಿಡಲಿಲ್ಲ. ಹುಟ್ಟುವ ಮಕ್ಕಳಿಗೆ ದೋಷ ಬರುತ್ತದೆ ಎಂಬ ಭಯವೇ ಮುಖ್ಯ ಕಾರಣ. ಬಾಂಬಿನ ನಂತರ ಬಸಿರಾಗಿ ಹೆತ್ತ ಮಕ್ಕಳನ್ನು ವಿಜ್ಞಾನಿಗಳು ದಶಕಗಳಿಂದ ಗಮನಿಸುತ್ತಾ ಬಂದಿದ್ದಾರೆ, ಅವರಲ್ಲಿ ವಂಶಪಾರಂಪರ್ಯ ಕಾಯಿಲೆ ಹೆಚ್ಚಾದದ್ದು ಇಲ್ಲಿಯವರೆಗೆ ಕಂಡುಬಂದಿಲ್ಲ. ಅಂದರೆ ಅಷ್ಟು ಮದುವೆಗಳನ್ನು ಮುರಿದದ್ದು ಬರೀ ಹೆದರಿಕೆ. ಸಿನಿಮಾದಲ್ಲಿ ಯಾಸುಕೊಗೆ ಕೊನೆಗೆ ಕಾಯಿಲೆ ಬಂದೇ ಬರುತ್ತದೆ. ಹಾಗಾಗಿ ಗಂಡಿನ ಕಡೆಯವರು ಹೇಳಿದ್ದೇ ಸರಿ ಎಂದು ಯಾರಾದರೂ ತಿಳಿದರೆ ಅದು ತಪ್ಪು, ಅದಕ್ಕೇ ಇಷ್ಟು ಹೇಳಿದೆ.

ಕುರೊಸಾವಾ 1955ರಲ್ಲೇ ತೆಗೆದ ‘ಐ ಲಿವ್ ಇನ್ ಫಿಯರ್’ ಬೇರೆ ಬಗೆಯದು. ಕಬ್ಬಿಣ ಎರಕದ ಕಾರ್ಖಾನೆಯ ಮುದುಕ ಯಜಮಾನ, ಬಾಂಬಿನ ಭಯದಲ್ಲಿ ಎಲ್ಲಾ ಮಾರಿ ಸಂಸಾರವನ್ನೆಲ್ಲಾ ಬ್ರೆಜಿಲ್‌ಗೆ ಕರೆದೊಯ್ಯುತ್ತೇನೆ ಎನ್ನುತ್ತಾನೆ. ಮಕ್ಕಳು ಆಸ್ತಿ ಹೋಗುತ್ತದೆಂದು ಅಪ್ಪನಿಗೆ ತಲೆ ಸರಿಯಿಲ್ಲ ಎಂದು ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುತ್ತಾರೆ. ಆ ಮುದುಕನಾಗಿ ನಟಿಸಿದ ತೊಶಿರೊ ಮಿಫುನೆಗೆ ಆಗ 35 ವರ್ಷ. ಇಲ್ಲಿ ಬಾಂಬ್ ಬೀಳುವುದೇ ಇಲ್ಲ, ಆದರೂ ಮನೆ ಒಡೆಯುತ್ತದೆ. ನಿಮಗೆ ನಿಧಾನವಾದ ಹಳೆಯ ಸಿನಿಮಾ ಇಷ್ಟವಾದರೆ ನೋಡಿ.

ಈಗ ಮಗಳ ವಿಷಯ. ‘ಥ್ರೆಡ್ಸ್’ ಬೇಡ, ಇನ್ನೂ ಮೂರ್ನಾಲ್ಕು ವರ್ಷ ಹೋಗಲಿ. ನೀವು ಗಂಡ ಹೆಂಡತಿ ನೋಡುವುದಾದರೂ ರಾತ್ರಿ ಬೇಡ. ‘ವೆನ್ ದಿ ವಿಂಡ್ ಬ್ಲೋಸ್’ ಕಾರ್ಟೂನ್ ಎಂದು ಮಕ್ಕಳ ಕೈಗೆ ಕೊಟ್ಟು ಎದ್ದು ಹೋಗಬೇಡಿ, ಇಬ್ಬರು ಪ್ರೀತಿಯ ಮುದುಕರು ನಿಧಾನವಾಗಿ ಸಾಯುವುದು ಅದು. ಹಿರೋಶಿಮಾದ ಹುಡುಗನೊಬ್ಬನ ಕಥೆ ‘ಬೇರ್‌ಫುಟ್ ಗೆನ್’ ಕೂಡ ಕಾರ್ಟೂನೇ, ಅದರಲ್ಲಿ ಬಾಂಬ್ ಬೀಳುವ ನಿಮಿಷಗಳನ್ನು ದೊಡ್ಡವರಿಗೂ ನೋಡಲಾಗುವುದಿಲ್ಲ. ‘ಟೆಸ್ಟಮೆಂಟ್’ನಲ್ಲಿ ರಕ್ತ, ಹಿಂಸೆ ಹೆಚ್ಚಿಲ್ಲ, ಆದರೆ ಮಕ್ಕಳು ಸಾಯುತ್ತಾರೆ, ಒಂದು ಕಡೆ ಉಳಿದವರು ಪ್ರಾಣ ಬಿಡೋಣ ಎಂದು ಕೂತು ಆಮೇಲೆ ಬೇಡ ಎಂದು ಏಳುವ ದೃಶ್ಯವಿದೆ. ಮೊದಲು ನೀವಿಬ್ಬರೂ ನೋಡಿ, ಆಮೇಲೆ ನಿರ್ಧಾರ ಮಾಡಿ.

ಅವಳ ಜೊತೆ ನೋಡುವುದಕ್ಕೆ ನಾನು ಹೇಳುವುದು 2016ರ ಜಪಾನೀ ಅನಿಮೇಷನ್ ‘ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್’. ನಿರ್ದೇಶಕ ಸುನಾವೊ ಕತಬುಚಿ. ಹಿರೋಶಿಮಾದ ಹುಡುಗಿ ಸುಜು, ಪಕ್ಕದ ನೌಕಾಪಡೆಯ ಊರು ಕುರೆಗೆ ಮದುವೆಯಾಗಿ ಹೋಗುತ್ತಾಳೆ. ಅಕ್ಕಿ ಸಾಲದೆ ಅನ್ನವನ್ನು ಉಬ್ಬಿಸುವುದು, ಬೇಲಿ ಬದಿಯ ಸೊಪ್ಪು ತಂದು ಅಡುಗೆ ಮಾಡುವುದು, ಹಳೇ ಕಿಮೋನೋ ಕತ್ತರಿಸಿ ಕೆಲಸದ ಬಟ್ಟೆ ಹೊಲಿಯುವುದು, ಎಲ್ಲಾ ಬಿಡಿಸಿ ಬಿಡಿಸಿ ತೋರಿಸುತ್ತಾರೆ. ದುಃಖ ಇದರಲ್ಲೂ ಕಡಿಮೆ ಇಲ್ಲ. ಒಂದು ಮಗು ಸಾಯುತ್ತದೆ, ಸುಜು ಒಂದು ಕೈ ಕಳೆದುಕೊಳ್ಳುತ್ತಾಳೆ, ಅವಳ ತಂಗಿಗೆ ಬಾಂಬಿನ ಕಾಯಿಲೆ ಬರುತ್ತದೆ. ಅದನ್ನು ಮಗಳಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಕೊನೆಯಲ್ಲಿ ಗಂಡ ಹೆಂಡತಿ ಹಿರೋಶಿಮಾದಲ್ಲಿ ಕೂತು ತಿನ್ನುತ್ತಿರುವಾಗ ತಾಯಿ ಸತ್ತ ಒಂದು ಪುಟ್ಟ ಹುಡುಗಿ ಸುಜುವಿನ ತೋಳಿಗೆ ಅಂಟಿಕೊಳ್ಳುತ್ತದೆ, ಕೈ ಇಲ್ಲದ ಆ ತೋಳಿಗೇ. ಅವರು ಅವಳನ್ನು ಮನೆಗೆ ಕರೆತರುತ್ತಾರೆ. ಮನೆಯವರು ಮೊದಲು ಮಾಡುವುದು ಅವಳಿಗೆ ಸ್ನಾನದ ಏರ್ಪಾಡು, ಹಾಕಿಕೊಳ್ಳಲು ಒಂದು ಬಟ್ಟೆ. ಹೆಸರುಗಳು ಬರಲು ಶುರುವಾದ ಕೂಡಲೇ ಟಿವಿ ಆರಿಸಿಬಿಡಬೇಡಿ. ಆ ಹುಡುಗಿ ಆ ಮನೆಯಲ್ಲಿ ಬೆಳೆಯುವುದು ಹೆಸರುಗಳ ಜೊತೆ ಬರುವ ಚಿತ್ರಗಳಲ್ಲೇ ಇದೆ.